ಒಂಬತ್ತನೆಯ ಸಾಲಿನ ದೀರ್ಘ

ಮೇಷ್ಟ್ರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಕೋಣೆ ಖಾಲಿ ಮಾಡುತ್ತಿದ್ದ ಮಗಳು, ನಿಘಂಟಿನ ರಟ್ಟಿನೊಳಗೆ ಸಿಕ್ಕಿತೆಂದು ಒಂದು ಚರ್ಮದ ಹಾಳೆ ತಂದು ಅಧ್ಯಾಪಕಿಯ ಮೇಜಿನ ಮೇಲಿಟ್ಟಳು. ಹನ್ನೊಂದು ಸಾಲು ಲ್ಯಾಟಿನ್, ಮಾಸಿದ ಕಂದು ಮಸಿ.

ಅಧ್ಯಾಪಕಿ ಮೇಷ್ಟ್ರ ಶಿಷ್ಯೆ. ಲ್ಯಾಟಿನ್ ಮಹಾಕಾವ್ಯಗಳನ್ನು ಓದುತ್ತಲೇ ತಲೆ ನರೆಸಿಕೊಂಡವಳು. ಮೂರು ಸಾಲು ಓದುವಷ್ಟರಲ್ಲಿ ಅವಳಿಗೆ ಗುರುತು ಸಿಕ್ಕಿತು. ಒಂದು ಹಳೆಯ ಕಾವ್ಯದ ನಾಲ್ಕನೆಯ ಸರ್ಗದಲ್ಲಿ, ನಗರ ಶತ್ರುಗಳ ಕೈಸೇರಿದ ದಿನದ ವರ್ಣನೆಯ ನಡುವೆ, ಕೆಲವು ಸಾಲು ಕಳೆದುಹೋಗಿವೆ ಎಂದು ಮೇಷ್ಟ್ರು ನಲವತ್ತು ವರ್ಷ ವಾದಿಸಿದ್ದರು. ವಿದ್ವಾಂಸರು ನಕ್ಕಿದ್ದರು. ಈಗ ಆ ಸಾಲುಗಳೇ ಎದುರಿಗೆ, ಕರೆದ ತಕ್ಷಣ ಬಂದ ನೆಂಟರ ಹಾಗೆ.

ಅಷ್ಟು ಸಲೀಸಾಗಿ ಬಂದದ್ದೇ ಅವಳಿಗೆ ಹಿಡಿಸಲಿಲ್ಲ.

"ಇದನ್ನ ಇನ್ಯಾರಿಗೆ ತೋರಿಸಿದೆ?"

"ಯಾರಿಗೂ ಇಲ್ಲ ಅಕ್ಕ. ಅಪ್ಪನ ನೆನಪಿನ ಪುಸ್ತಕದಲ್ಲಿ ಹಾಕೋಣ ಅಂತ..."

ನೆನಪಿನ ಪುಸ್ತಕ! ಮಗಳಿಗೆ ಲ್ಯಾಟಿನ್ ಬಾರದು, ನಿಜ. ಬಲ್ಲವರ ಕೈಲಿ ಬರೆಸಲು ಏನಡ್ಡಿ? ಅಪ್ಪನನ್ನು ಗೆಲ್ಲಿಸಲು ಮಕ್ಕಳು ಏನು ಬೇಕಾದರೂ ಮಾಡಿಯಾರು.

"ಆ ನಿಘಂಟನ್ನೂ ತಂದುಕೊಡು" ಎಂದಳು, ಪೊಲೀಸರ ದನಿಯಲ್ಲಿ. ಮಗಳ ಮುಖ ಸಣ್ಣದಾಯಿತು.

ನಿಘಂಟಿನ ಗೋಂದು ಹಳೆಯದೇ, ಹಾಳೆಯೂ ಹಳೆಯದೇ. ಅನುಮಾನ ಮಾತ್ರ ದಿನದಿನಕ್ಕೆ ಹೊಸದಾಗುತ್ತಿತ್ತು. ಎರಡು ದಿನ ಪ್ರತಿ ಸಾಲಿಗೂ ಗುರು ಲಘು ಹಾಕುತ್ತ ಕೂತಳು. ಸಾಲಿಗೆ ಆರು ಗಣ. ಎಂಟು ಸಾಲು ಗಡಿಯಾರದಂತೆ ನಡೆದವು. ಒಂಬತ್ತನೆಯದು ಎಡವಿತು.

ಜನ ಬಾಗಿಲು ಹಾಕಿಕೊಂಡು ಅತ್ತರು ಎಂದು ಅದರ ಅರ್ಥ. ಜನ ಎನ್ನಲು 'ಪೊಪುಲುಸ್', ಹ್ರಸ್ವ. ಆದರೆ ಛಂದಸ್ಸು ಕೂಡಬೇಕಾದರೆ ಇಲ್ಲಿ 'ಪೋಪುಲುಸ್' ಎಂದು ಎಳೆಯಬೇಕು. ಎಳೆದರೆ ಅದು ಒಂದು ಜಾತಿಯ ಮರ. ಮರ ಎಲ್ಲಾದರೂ ಬಾಗಿಲು ಹಾಕಿಕೊಂಡೀತೆ? ಆ ಭಾಷೆಯಲ್ಲೇ ಉಸಿರಾಡಿದ ಕವಿ ಹೀಗೆ ತಪ್ಪಲಾರ. ಹೀಗೆ ತಪ್ಪುವವರು ಒಬ್ಬರೇ ಇದ್ದರು. ತರಗತಿಯಲ್ಲಿ ಮೇಷ್ಟ್ರು ಜನ ಎಂಬರ್ಥದ ಆ ಪದವನ್ನು ಸದಾ ದೀರ್ಘವಾಗಿಯೇ ಎಳೆಯುತ್ತಿದ್ದರು. 'ಬಂತಪ್ಪಾ ಕಾಡು' ಎಂದು ಹಿಂದಿನ ಬೆಂಚಿನಲ್ಲಿ ಅವಳೂ ಕಿಸಕ್ಕೆಂದಿದ್ದಳು. ಈಗ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ತಾನೇ ಮಗಳ ಮನೆಗೆ ಹೋದಳು. ಹಾಳೆಯನ್ನು ಮುಂದಿಟ್ಟು, ತಪ್ಪು ತೋರಿಸಿ, "ಇದು ನಿಮ್ಮಪ್ಪ ಬರೆದದ್ದು ಕಣೇ" ಎಂದಳು.

"ಅಪ್ಪ ಮೋಸ ಮಾಡಿದ್ರಾ?"

"ಮಾಡೋಕೆ ಹೊರಟಿದ್ರೋ, ಸುಮ್ನೆ ಬರೆದು ನೋಡಿದ್ರೋ, ನಂಗೊತ್ತಿಲ್ಲ. ಯಾರಿಗೂ ತೋರಿಸದೆ ರಟ್ಟಿನೊಳಗೆ ಸೇರಿಸಿಬಿಟ್ರು."

"ನೀವು ನನ್ನ ಮೇಲೆ ಅನುಮಾನ ಪಟ್ರಿ."

"ಪಟ್ಟೆ. ತಪ್ಪಾಯ್ತು."

ಮಗಳು ಕಿಟಕಿಯ ಕಡೆ ತಿರುಗಿ ನಿಂತಳು. ಕೆಳಗೆ ಬೀದಿಯಲ್ಲಿ ಬಸ್ಸೊಂದು ಬಂದು, ನಿಂತು, ಹೋಯಿತು.

"ಹಾಗಾದ್ರೆ ಪುಸ್ತಕದಲ್ಲಿ ಹಾಕೋ ಹಾಗಿಲ್ಲ."

"ಹಾಕೋಣ. ಅವರ ಹೆಸರಲ್ಲಿ, ಅವರದೇ ಪದ್ಯ ಅಂತ."

"ಚೆನ್ನಾಗಿದೆಯಾ ಅಕ್ಕ? ನಿಜ ಹೇಳಿ."

ಅಧ್ಯಾಪಕಿ ಕನ್ನಡಕ ಏರಿಸಿಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಅರ್ಥ ಹೇಳತೊಡಗಿದಳು. ಮಗಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.