ಮಾವನ ಜೇಬಿನ ಫೋನು

ಆ ಮನೆಯಲ್ಲಿದ್ದದ್ದು ಎರಡೇ ಫೋನು. ಒಂದು ಮಗನ ಜೊತೆ ಲಾರಿಯಲ್ಲಿ ಊರೂರು ಸುತ್ತುತ್ತಿತ್ತು, ಇನ್ನೊಂದು ಮಾವನ ಅಂಗಿ ಜೇಬಿನಲ್ಲಿರುತ್ತಿತ್ತು. ಸೊಸೆ ಹತ್ತನೇ ತರಗತಿ ಪಾಸಾದವಳು, ಹೊಲಿಗೆ ಮಷೀನಿನ ಮುಂದೆ ಕೂತರೆ ದಿನಕ್ಕೆ ಆರು ಶಾಲೆಯಂಗಿ ಮುಗಿಸುವವಳು. ಆದರೂ ಫೋನು ಮುಟ್ಟುವ ಹಾಗಿರಲಿಲ್ಲ.

ಅತ್ತೆಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೃದಯದ ಆಪರೇಶನ್ ಆಗಬೇಕು, ದಿನ ಗೊತ್ತಾದಾಗ ಮಾವನ ಫೋನಿಗೆ ಮೆಸೇಜು ಬರುತ್ತದೆ, ಎರಡು ದಿನದೊಳಗೆ ಒಪ್ಪಿಗೆ ಕೊಡಬೇಕು ಎಂದು ಸರ್ಕಾರಿ ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

"ಮಾವ, ಒಂದ್ಸಲ ಕೊಡಿ. ಏನಾದ್ರೂ ಬಂದಿದೆಯಾ ನೋಡ್ತೀನಿ."

"ಯಾಕೆ, ನನಗೆ ಕಣ್ಣಿಲ್ವಾ?"

ಕಣ್ಣಿತ್ತು, ಓದು ಬರುತ್ತಿರಲಿಲ್ಲ. ಸೊಸೆಯ ಮುಂದೆ ಹಾಗೆನ್ನಲು ಮಾವನಿಗೆ ನಾಲಗೆ ಏಳಲಿಲ್ಲ. "ಹೆಂಗಸರ ಕೈಗೆ ಫೋನು ಕೊಟ್ಟ ಮನೆಗಳ ಗತಿ ನೋಡಿದ್ದೀನಿ" ಎಂದು ಎದ್ದು ಹೋದರು.

ಗೋಡೆಗೊರಗಿದ್ದ ಅತ್ತೆಯೂ ಗಂಡನ ಕಡೆಯೇ. "ಬಿಡೇ, ಅವರು ನೋಡ್ಕೋತಾರೆ. ನಿನಗ್ಯಾಕೆ ಇಲ್ಲದ ಉಸಾಬರಿ?"

ಅತ್ತೆಯ ಕಾಲು ಊದಿಕೊಂಡ ದಿನ ಸೊಸೆ ಆಸ್ಪತ್ರೆಗೇ ಓಡಿದಳು. ವಿಚಾರಣೆಯ ಕಿಟಕಿಗೆ ಶಟರ್ ಎಳೆದಿತ್ತು.

"ಎಲ್ಲಾ ಫೋನಲ್ಲೇ ಅಮ್ಮಾ" ಎಂದ ಪಕ್ಕದ ಕೋಣೆಯ ಗುಮಾಸ್ತ. "ಈ ಕಾಲದಲ್ಲಿ ಫೋನಿಲ್ಲದ ಮನೆ ಎಲ್ಲಿದೆ?"

"ಮನೇಲಿದೆ ಸಾರ್. ನನ್ನ ಕೈಯಲ್ಲಿಲ್ಲ."

ಗುಮಾಸ್ತ ತಲೆ ಕೆರೆದುಕೊಂಡ. ಅಂಥ ಉತ್ತರ ತುಂಬಲು ಅವನ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

ಹತ್ತು ದಿನ ಕಳೆದು, ಒಂದು ಮಧ್ಯಾಹ್ನ, ನೀರು ಕೇಳಿದ ಅತ್ತೆ ಲೋಟ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಎಲ್ಲ ಮುಗಿದ ಮೇಲೆ ಮಾವ ತಾವಾಗಿಯೇ ಫೋನು ಚಾಚಿದರು. "ನೋಡಮ್ಮಾ."

ಮೂರು ಮೆಸೇಜುಗಳಿದ್ದವು. ಮೊದಲನೆಯದರಲ್ಲಿ ದಿನ. ಎರಡನೆಯದರಲ್ಲಿ ಒಪ್ಪಿಗೆ ಕೊಡಿ ಎಂಬ ಜ್ಞಾಪನೆ. ಮೂರನೆಯದನ್ನು ಸುಳ್ಳು ಹೇಳಿ ಮುಚ್ಚಿಡಬಹುದಿತ್ತು. ಅವಳು ಗಟ್ಟಿಯಾಗಿ ಓದಿದಳು: "ಉತ್ತರ ಬಾರದ ಕಾರಣ ನಿಮ್ಮ ಸರದಿ ರದ್ದಾಗಿದೆ."

ಮಾವ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಅವಳು ಆಸ್ಪತ್ರೆಯ ದೊಡ್ಡ ಸಾಹೇಬರ ಮುಂದೆ ನಿಂತಳು. "ನಮ್ಮ ಮನೆಯ ತಪ್ಪು ನಮ್ಮದು ಸಾರ್, ಒಪ್ಕೋತೀನಿ. ಆದ್ರೆ ಉತ್ತರ ಬರಲಿಲ್ಲ ಅಂತ ಹೆಸರು ಹೊಡೆದು ಹಾಕೋ ಮೊದಲು, ಯಾಕೆ ಬರಲಿಲ್ಲ ಅಂತ ಒಬ್ಬರಾದ್ರೂ ಕೇಳಿದ್ರಾ? ಆ ಕಿಟಕಿ ತೆರೀರಿ."

"ಕಿಟಕಿ ಮುಚ್ಚಿದ್ದು ಮೇಲಿನ ಆದೇಶ. ಬರೆದು ಕಳಿಸ್ತೀನಿ, ನೋಡೋಣ."

"ಕಳಿಸಿ. ಅಲ್ಲಿವರೆಗೆ ನಾನು ಇಲ್ಲೇ ಕೂತಿರ್ತೀನಿ."

ಮುಚ್ಚಿದ ಕಿಟಕಿಯ ಕೆಳಗೆ ಕೂತು, ವಿಚಾರಿಸಲು ಬಂದವರ ಹೆಸರು, ಕಾಯಿಲೆ, ಫೋನು ಯಾರ ಕೈಯಲ್ಲಿದೆ ಎಂಬುದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ಮಧ್ಯಾಹ್ನಕ್ಕೆ ಪುಟ ತುಂಬಿತು. ಸಾಲು ಮಾತ್ರ ಬಾಗಿಲು ದಾಟಿ ಬೆಳೆದಿತ್ತು.

"ಮುಂದಿನವರು?" ತಲೆಯೆತ್ತಿದರೆ ಮಾವ.

"ನನ್ನ ಹೆಸರೂ ಬರಿ" ಎಂದರು, ಸಾಲಿನವರಿಗೆಲ್ಲ ಕೇಳುವ ಹಾಗೆ. "ಫೋನಿದೆ, ಓದೋಕೆ ಬರಲ್ಲ ಅಂತ ಬರಿ."