ಮೈದುನನ ಅಧ್ಯಾಯ

ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ಕರ್ನಲ್ ಸಾಹೇಬರು ಸರದಿಯ ಪ್ರಕಾರ ಪಾಲಿಸಿದರು. ಮೊದಲು ಕೋವಿ ಹಿಡಿದು ದೇಶ ಸುತ್ತಿದರು. ಮಂಡಿ ಕೈಕೊಟ್ಟ ಮೇಲೆ ಕೋಶ ಹಿಡಿದು ಕೂತರು. ಪದಕ ತಂದವರು ಪದಗಳ ಬೆನ್ನು ಹತ್ತಿ ಇತಿಹಾಸಕಾರರಾದರು. ಅವರ ಪುಸ್ತಕಗಳಲ್ಲಿ ಸತ್ತ ರಾಜರಿಗೂ ವಿಚಾರಣೆ ತಪ್ಪುತ್ತಿರಲಿಲ್ಲ: ಈ ಅಪ್ಪಣೆ ಕೊಟ್ಟವರು ಯಾರು? ಯಾಕೆ ಕೊಟ್ಟರು? ರಾಜರು ಎದುರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪುಸ್ತಕಗಳು ಚೆನ್ನಾಗಿ ಓಡಿದವು.

ಅವರ ಅಕ್ಷರ ಅವರಿಗೇ ಅರ್ಥವಾಗದ ಕಾರಣ ಟೈಪಿಂಗ್ ಹೆಂಡತಿಯದು. ಅವರು ಕುಂಟುತ್ತ ಓಡಾಡಿ ಹೇಳುವುದು, ಆಕೆ ಊಟದ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕುಟ್ಟುವುದು. ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಎಷ್ಟೋ ಸಾಮ್ರಾಜ್ಯಗಳು ಉರುಳಿದ್ದವು.

ಈ ಸಲದ ಪುಸ್ತಕ ಅವರದೇ ಯುದ್ಧದ್ದು. ಶತ್ರುಗಳು ಸುತ್ತುವರಿದ ಗುಡ್ಡದಿಂದ ತುಕಡಿಯನ್ನು ಜೀವಸಹಿತ ಕೆಳಗಿಳಿಸಿದ್ದಕ್ಕೇ ಅವರಿಗೆ ಪದಕ ಸಿಕ್ಕಿದ್ದು. ಬೆನ್ನಟ್ಟುವವರನ್ನು ತಡೆಯಲು ಮೇಲೆ ಉಳಿದು ಸತ್ತವನು ಅದೇ ತುಕಡಿಯ ಲೆಫ್ಟಿನೆಂಟ್, ಆಕೆಯ ಒಬ್ಬನೇ ತಮ್ಮ. ಅವನೇ ಯಾಕೆ ಉಳಿದ ಎಂದು ಆಕೆ ಇಷ್ಟು ವರ್ಷ ಕೇಳಿರಲಿಲ್ಲ. ಪುಸ್ತಕದಲ್ಲಿ ಬಂದೇ ಬರುತ್ತದೆಂದು ಕಾದಿದ್ದಳು.

"'ಗುಡ್ಡದ ಮೇಲೊಂದು ಕಾವಲು ಬಿಟ್ಟು ಉಳಿದವರು ಇಳಿದರು.' ಪೂರ್ಣವಿರಾಮ. ಮುಂದಿನ ಅಧ್ಯಾಯ," ಎಂದರು ಕರ್ನಲ್.

ಕುಟ್ಟುವ ಸದ್ದು ನಿಂತಿತು.

"ಕಾವಲಿಗೆ ಯಾರನ್ನ ಬಿಟ್ರಿ ಅಂತ ಬರೀಬೇಡ್ವೇನ್ರೀ?"

"ನಿಂಗೊತ್ತಲ್ಲ."

"ನಂಗೊತ್ತು. ಓದೋರಿಗೆ? ಎಂದೋ ಸತ್ತ ರಾಜನ ಜುಟ್ಟು ಹಿಡ್ದು ಜಗ್ಗಾಡ್ತೀರಿ, ಯಾರನ್ನ ಕಳಿಸ್ದೆ, ಯಾಕೆ ಕಳಿಸ್ದೆ ಅಂತ. ನಿಮ್ ಸರದಿ ಬಂದ್ರೆ ಪೂರ್ಣವಿರಾಮಾನಾ?"

"ಯಾರಾದ್ರೂ ಒಬ್ರು ಉಳೀಲೇಬೇಕಿತ್ತು ಕಣೇ."

"ಯಾರಾದ್ರೂ ಒಬ್ರಲ್ಲ, ನನ್ ತಮ್ಮ. ಆರಿಸಿದ್ದು ಯಾರು?"

ಕರ್ನಲ್ ಕುರ್ಚಿ ಎಳೆದು ಕೂತರು.

"ನಾನೇ."

"ಯಾಕೆ?"

"ಇನ್ನೊಬ್ಬ ಆಫೀಸರ್ ಇದ್ದ, ನಿನ್ ತಮ್ಮನಿಗಿಂತ ಪಳಗಿದೋನು. ನ್ಯಾಯವಾಗಿ ಅವನನ್ನೇ ಬಿಡ್ಬೇಕಿತ್ತು. ಆದ್ರೆ ಎಲ್ರ ಕಣ್ಣೂ ನನ್ ಮೇಲೆ. ಹೆಂಡ್ತಿ ತಮ್ಮ ಅಂತ ಬಚ್ಚಿಟ್ಕೊಂಡ ಅಂದ್ಬಿಡ್ತಾರೆ ಅನ್ನಿಸ್ತು."

ಆಕೆ ಪರದೆಯಿಂದ ಅವರ ಕಡೆ ತಿರುಗಿದಳು.

"ಅಂದ್ರೆ, ನಾನು ನಿಮ್ಮನ್ನ ಮದ್ವೆ ಆಗ್ದೇ ಇದ್ದಿದ್ರೆ ಅವನು ಇಳ್ಕೊಂಡು ಬರ್ತಿದ್ದ."

"ಬರ್ತಿದ್ದ."

"ಹೇಳಿ. ಬರ್ಕೋತೀನಿ."

ಅವರು ಹೇಳಿದರು. ಆಕೆ ಒಂದಕ್ಷರ ಬಿಡದೆ ಕುಟ್ಟಿದಳು. ಶೌರ್ಯಕ್ಕೆ ಪದಕವಿದೆ, 'ಜನ ಏನಂತಾರೋ' ಎಂಬ ಪುಕ್ಕಲುತನಕ್ಕೆ ಪುಟ ಮಾತ್ರ ಇತ್ತು, ಅದು ತುಂಬಿತು.

"ಉಳ್ಕೋ ಅಂದಾಗ ಅವನೇನಂದ?"

"'ಸರಿ ಭಾವ, ಅಕ್ಕನ್ನ ನೋಡ್ಕೊಳ್ಳಿ' ಅಂದ. ಡ್ಯೂಟೀಲಿ ಯಾವತ್ತೂ ಸರ್ ಅಂತಿದ್ದೋನು."

ಆಕೆಯ ಬೆರಳುಗಳು ಕೀಲಿಗಳಿಂದ ಮೇಲೆದ್ದವು.

"ಇದು ಪುಸ್ತಕಕ್ಕೆ ಬೇಡ."

"ಅದೂ ನಡೆದಿದ್ದೇ ಅಲ್ವೇನೇ..."

"ನಡೆದಿದ್ದೆಲ್ಲ ಓದೋರಿಗೇ ಬಡಿಸ್ಬೇಕಾ? ಇಷ್ಟು ನಂಗಿರ್ಲಿ."

ಆಕೆ ಎದ್ದು ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಉಳಿದ ಅಧ್ಯಾಯಗಳಿಗೆ ಸಂಬಳದ ಟೈಪಿಸ್ಟ್ ಬಂದ. ಬಲು ಚುರುಕು, ಹೇಳಿದಷ್ಟೇ ಕುಟ್ಟುತ್ತಾನೆ, ಏನೂ ಕೇಳುವುದಿಲ್ಲ. ಒಂದೊಂದು ವಾಕ್ಯ ಮುಗಿದಾಗಲೂ ಕರ್ನಲ್ ಸಾಹೇಬರು ಆಕೆಯ ಕೋಣೆಯ ಕಡೆ ತಿರುಗಿ, ಸ್ವಲ್ಪ ಹೊತ್ತು ಕಾಯುತ್ತಾರೆ.

"ಮುಂದೆ ಸಾರ್?" ಎನ್ನುತ್ತಾನೆ ಟೈಪಿಸ್ಟ್.