ಇಪ್ಪತ್ತೊಂದು ಪೌಂಡು

ವಿಷಯ ಗೊತ್ತಾಗಿ ಹತ್ತು ದಿನವಾಗಿದ್ದರೂ ಕಡ್ಡಿ ಎಂದೇ ಎಲ್ಲರೂ ಕರೆಯುವ ಹುಡುಗಿ ಅದನ್ನು ಅಮ್ಮನಿಗೆ ಹೇಳಿದ್ದು ಅವತ್ತು ಮಧ್ಯಾಹ್ನ, ತಟ್ಟೆ ತೊಳೆಯುತ್ತ, ಅರ್ಧ ಮಾತು ನಲ್ಲಿಯ ಸದ್ದಿನಲ್ಲಿ ಮುಳುಗಿಹೋಗುವ ಹಾಗೆ. ಸಂಜೆ ಐದಕ್ಕೆ ಆಯ್ಕೆ. ಹನ್ನೊಂದು ಮಕ್ಕಳಲ್ಲಿ ನಾಲ್ವರಿಗೆ ವರ್ಷವಿಡೀ ಪುಕ್ಕಟೆ ಬ್ಯಾಡ್ಮಿಂಟನ್ ತರಬೇತಿ. ಉಳಿದವರು ದುಡ್ಡು ಕಟ್ಟಿ ಕಲಿಯಬೇಕು. ಅಂದರೆ ಕಡ್ಡಿಯ ಮಟ್ಟಿಗೆ ಆಟ ಅಲ್ಲಿಗೆ ಮುಗಿಯಿತು. ಕ್ಲಬ್ಬಿನ ಹಳೇ ರ‍್ಯಾಕೆಟ್ ಹಿಡಿದು ಬಂದವರನ್ನು ಒಳಗೆ ಬಿಡುವುದಿಲ್ಲ, ಸ್ವಂತದ್ದು ಬೇಕು. ಐದು ಹೊಡೆದ ಮೇಲೆ ಬಾಗಿಲು ತೆರೆಯುವುದಿಲ್ಲ. ಎರಡೂ ಕೋಚ್ ಮಾಡಿದ ನಿಯಮಗಳು. ಅವನ್ನು ಸಡಿಲಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಹತ್ತು ದಿನ ಬಾಯಲ್ಲಿ ಏನು ತುಂಬ್ಕೊಂಡಿದ್ದೆ?" ಎಂದಳು ಅಮ್ಮ.

"ಹೇಳಿದ್ರೆ ಅಂಗಡಿಗೆ ನೀನೂ ಬರ್ತಿದ್ದೆ."

"ಈಗ್ಲೂ ಬರ್ತೀನಲ್ಲ."

"ಅದಕ್ಕೇ ಹೇಳಿರ್ಲಿಲ್ಲ."

ಅಮ್ಮನ ಕಸುಬು ತಕ್ಕಡಿ ರಿಪೇರಿ. ಅವಳ ಅಪ್ಪನಿಂದ ಬಂದದ್ದು ಒಂದು ಮೇಜು, ಒಂದು ಪೆಟ್ಟಿಗೆ ತೂಕದ ಬಟ್ಟುಗಳು ಮತ್ತು ಒಂದು ಚಾಳಿ: ಯಾವ ತಕ್ಕಡಿಯನ್ನೂ ಅವಳು ಸುಮ್ಮನೆ ದಾಟಿಹೋಗಲಾರಳು. ಹೋದ ವರ್ಷ ಹಣ್ಣಿನವನ ತಕ್ಕಡಿಯ ತಟ್ಟೆ ಎತ್ತಿ, ಅಡಿಗೆ ಅಂಟಿಸಿದ್ದ ಮೇಣವನ್ನು ಉಗುರಿನಿಂದ ಕಿತ್ತು ಅವನ ಅಂಗೈಯಲ್ಲೇ ಇಟ್ಟಿದ್ದಳು. ಹಣ್ಣಿನವನ ಮಗಳು ಕಡ್ಡಿಯ ಪಕ್ಕದ ಬೆಂಚಿನವಳು. ಎರಡು ತಿಂಗಳು ಮಾತು ಬಿಟ್ಟಿದ್ದಳು.

ಕ್ರೀಡಾ ಸಾಮಾನಿನ ಅಂಗಡಿ ತಲುಪಿದಾಗ ಮೂರೂಕಾಲು. ಮಾಲೀಕರು ಒಂದು ಕಾಲದಲ್ಲಿ ಆಡಿದವರು. ಆಟ ಹೋಗಿ ಮಂಡಿನೋವು ಉಳಿದಿತ್ತು. ಅಮ್ಮನ ಸೊಂಟದ ಚೀಲದಲ್ಲಿ ಸಾವಿರದ ಐನೂರು ಇತ್ತು. ಅದರಾಚೆಗೆ ಒಂದು ಕಾಸೂ ಇಲ್ಲವೆಂದು ದಾರಿಯಲ್ಲೇ ಮೂರು ಸಲ ಹೇಳಿಯಾಗಿತ್ತು.

ಕೆಳಗಿನ ಸಾಲಿನಲ್ಲಿ ಉಕ್ಕಿನ ಬ್ಯಾಟುಗಳು ಜೋಡಿಜೋಡಿಯಾಗಿ ನೇತಾಡುತ್ತಿದ್ದವು. ಅಮ್ಮ ಒಂದನ್ನು ಅಂಗೈ ಮೇಲೆ ಅಡ್ಡಲಾಗಿಟ್ಟುಕೊಂಡಳು. "ನೂರಾ ಹತ್ತು ಗ್ರಾಮು." ಮೇಲಿನ ಸಾಲಿನದನ್ನು ತೆಗೆಸಿ ಹಿಡಿದಳು. "ಎಂಬತ್ತೆಂಟು. ಇದಕ್ಕೆ ಬೆಲೆ?"

"ಸಾವಿರದ ನೂರೈವತ್ತು," ಎಂದರು ಮಾಲೀಕರು, ಅನುಮಾನದಿಂದ ಬ್ಯಾಟನ್ನು ಅಂಚೆ ಪಾರ್ಸೆಲ್ ತೂಗುವ ಪುಟ್ಟ ತಕ್ಕಡಿ ಮೇಲಿಡುತ್ತ. ಎಂಬತ್ತೆಂಟೇ ಇತ್ತು. "ಅದರ ಮೇಲಿನ ಸಾಲು ಇನ್ನೂ ಹಗುರ. ನಾಲ್ಕು ಸಾವಿರ."

"ಕಮ್ಮಿ ತೂಗಿದಷ್ಟೂ ಜಾಸ್ತಿ ಕೊಡ್ಬೇಕು. ನಮ್ಮ ಕಡೆ ಹಿಂಗೆ ವ್ಯಾಪಾರ ಮಾಡಿದ್ರೆ ಅಂಗಡಿಗೆ ಬೀಗ ಹಾಕಿಸ್ತಾರೆ."

"ಅಮ್ಮ."

"ಹೇಳಿದೆ ಅಷ್ಟೆ."

ಎಂಬತ್ತೆಂಟು ಗ್ರಾಮಿನದನ್ನು ಕಡ್ಡಿ ಎರಡು ಸಲ ಬೀಸಿದಳು. ಗಾಳಿ ಸೀಳಿದ ಸದ್ದಿಗೆ ಅವಳ ಕಿವಿ ಕೆಂಪಾಯಿತು. ಮೂರನೆಯ ಸಲ ಬೀಸಲಿಲ್ಲ. ಆಸೆ ಇಷ್ಟು ಬೇಗ ಕಂಡುಬಿಡಬಾರದೆಂದು ಕೆಳಗಿಟ್ಟಳು.

"ಇದೇ," ಎಂದಳು ಅಮ್ಮ, ಮಗಳ ಕಿವಿ ನೋಡಿ.

ಆದರೆ ಅದಕ್ಕೆ ಬಲೆ ಇರಲಿಲ್ಲ. ಈ ದರ್ಜೆಯವು ಬರಿಯ ಚೌಕಟ್ಟಾಗಿಯೇ ಬರುತ್ತವಂತೆ. ಬಲೆಯ ಎಳೆ, ಅಂದರೆ ಗಟ್, ಇಲ್ಲೇ ಹಾಕಬೇಕು, ಮುನ್ನೂರು, ಮುಕ್ಕಾಲು ಗಂಟೆ. ಒಂದು ಎಳೆ ಹೊಕ್ಕ ಮೇಲೆ ಮಾಲು ವಾಪಸಿಲ್ಲ. ಆ ಮಾತನ್ನು ಗೋಡೆಯ ಮೇಲೂ ಬರೆದಿದ್ದರು. "ಎಷ್ಟು ಪೌಂಡು ಬಿಗಿಗೆ ಎಳೀಲಿ?" ಎಂದರು ಮಾಲೀಕರು. "ಇದರ ಮಿತಿ ಇಪ್ಪತ್ತೆರಡು. ಮೀರಿದ್ರೆ ಚೌಕಟ್ಟು ಬಿರುಕು ಬಿಡುತ್ತೆ. ಮೊದಲ ಬ್ಯಾಟಿಗೆ ಇಪ್ಪತ್ತೊಂದು ಸಾಕು."

ಕೆಲಸ ಶುರುವಾದಾಗ ಮೂರೂ ಮುಕ್ಕಾಲು. ಆಟದ ಹಾಲಿಗೆ ಓಡಿದರೆ ಎಂಟು ನಿಮಿಷ. ಕಡ್ಡಿ ಲೆಕ್ಕ ಹಾಕಿ ಉಸಿರು ಬಿಟ್ಟಳು. ಬಿಡಬಾರದಿತ್ತು, ಯಾಕೆಂದರೆ ಅಷ್ಟರಲ್ಲಿ ಅಮ್ಮ ಗಟ್ ಹಾಕುವ ಯಂತ್ರದ ಹತ್ತಿರ ಹೋಗಿ ನಿಂತಿದ್ದಳು.

ಯಂತ್ರವೆಂದರೆ ಒಂದು ಉದ್ದ ಸಲಾಕೆ, ಅದರ ಮೇಲೆ ಅಂಕಿಗಳು, ಅಂಕಿಯಿಂದ ಅಂಕಿಗೆ ಜರುಗುವ ಒಂದು ಗುಂಡು. ಗುಂಡು ಇಪ್ಪತ್ತೊಂದರ ಮೇಲಿದ್ದರೆ ಸಲಾಕೆ ಇಳಿಯುತ್ತ ಎಳೆಯನ್ನು ಇಪ್ಪತ್ತೊಂದು ಪೌಂಡಿನಷ್ಟು ಬಿಗಿಯುತ್ತದೆ.

"ಇದು ತಕ್ಕಡಿ," ಎಂದಳು ಅಮ್ಮ.

ಕಡ್ಡಿಗೆ ಜೀವ ಬಾಯಿಗೆ ಬಂತು. "ಅಲ್ಲಮ್ಮ. ಇದು ಮೆಷಿನ್ನು."

"ಗುಂಡು ಹಿತ್ತಾಳೇದು. ಸಲಾಕೆ ಹಳೇದು, ಗುಂಡು ಆಮೇಲಿಂದು. ಯಾವಾಗ ಬದಲಾಯಿಸಿದ್ರಿ ಯಜಮಾನ್ರೇ?"

ಆರನೆಯ ಎಳೆ ಬಿಗಿಯುತ್ತಿದ್ದ ಮಾಲೀಕರು ತಲೆ ಎತ್ತಲಿಲ್ಲ. "ಕಬ್ಬಿಣದ್ದು ಒಡೆದುಹೋಯ್ತು. ಅದೇ ಅಳತೆಗೆ ಮಾಡಿಸಿದೆ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಒಂಬತ್ತು ವರ್ಷ ಆಯ್ತು."

"ಅಳತೆ ಅದೇ. ಲೋಹ ಬೇರೆ. ಹಿತ್ತಾಳೆ ಕಬ್ಬಿಣಕ್ಕಿಂತ ಭಾರ. ಎಳೆಯೋದು ನಿಲ್ಸಿ."

"ನೋಡಿ ತಾಯಿ, ಒಂಬತ್ತು ವರ್ಷದಲ್ಲಿ ಯಾರೂ ಒಂದು ಮಾತಾಡಿಲ್ಲ."

"ಯಾರಾದ್ರೂ ತೂಗಿದ್ರಾ?"

ಗೋಡೆಯ ಗಡಿಯಾರದಲ್ಲಿ ನಾಲ್ಕು. ಕಡ್ಡಿ ಅಮ್ಮನ ಸೆರಗು ಜಗ್ಗಿದಳು. "ಇರ್ಲಿ ಬಿಡಮ್ಮ. ಹೆಂಗಿದೆಯೋ ಹಂಗೇ ಹಾಕ್ಲಿ. ನಿನ್ ಕಾಲಿಗೆ ಬೀಳ್ತೀನಿ."

"ಬೀಳು. ಬಿರುಕು ಬಿಟ್ಟ ಬ್ಯಾಟ್ ಹಿಡ್ಕೊಂಡು ಮೊದಲ ಏಟಿಗೆ ಏನು ಮಾಡ್ತೀಯ?"

ಅಮ್ಮನ ಕೈಚೀಲದಿಂದ ಸ್ಪ್ರಿಂಗ್ ತಕ್ಕಡಿ ಹೊರಬಂತು. ಮದುವೆಮನೆಗೂ ಅವಳು ಅದನ್ನು ಬಿಟ್ಟು ಹೋದವಳಲ್ಲ. ಒಂದು ತುಂಡು ಗಟ್ಟನ್ನು ಕೊಕ್ಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ಯಂತ್ರದಲ್ಲಿ ಎಳೆ ಕಚ್ಚಿ ಹಿಡಿಯುವ ಹಿಡಿಕೆಗೆ ಕೊಟ್ಟು, "ಇಳಿಸಿ," ಎಂದಳು. ಮಾಲೀಕರು ಮುಖ ಗಂಟಿಕ್ಕಿಕೊಂಡೇ ಸಲಾಕೆ ಇಳಿಸಿದರು. ಇಪ್ಪತ್ತೊಂದು ಪೌಂಡೆಂದರೆ ಒಂಬತ್ತೂವರೆ ಕಿಲೋ. ಮುಳ್ಳು ಒಂಬತ್ತೂವರೆ ದಾಟಿತು, ಹತ್ತು ದಾಟಿತು, ಹನ್ನೊಂದರ ಹತ್ತಿರ ಹೋಗಿ ನಡುಗುತ್ತ ನಿಂತಿತು. ಅಮ್ಮ ಇನ್ನೊಮ್ಮೆ ಇಳಿಸಲು ಹೇಳಿದಳು. ಮುಳ್ಳು ಅಲ್ಲಿಗೇ ಹೋಯಿತು.

"ಇಪ್ಪತ್ನಾಲ್ಕು. ಮಿತಿಗಿಂತ ಎರಡು ಜಾಸ್ತಿ."

ಮಾಲೀಕರು ಸ್ಟೂಲಿನ ಮೇಲೆ ಕೂತರು. ಒಂಬತ್ತು ವರ್ಷದಲ್ಲಿ ಚೌಕಟ್ಟು ಒಡೆಯಿತೆಂದು ಬಂದವರೆಲ್ಲ ಒಬ್ಬೊಬ್ಬರಾಗಿ ಅವರ ಕಣ್ಣ ಮುಂದೆ ಹಾದುಹೋಗುತ್ತಿದ್ದಿರಬೇಕು. ಅವರೆಲ್ಲರಿಗೂ ಇವರು ಕೊಟ್ಟಿದ್ದ ಉತ್ತರ ಒಂದೇ: ನಿಮಗೆ ಹಿಡಿಯೋಕೆ ಬರಲ್ಲ.

"ಅಂಕಲ್, ನಾಲ್ಕೂ ಹತ್ತು," ಎಂದಳು ಕಡ್ಡಿ.

ಅವರು ಎದ್ದರು. ಆರು ಎಳೆಗಳನ್ನೂ ಸಡಿಲಿಸಿದರು. ಅಮ್ಮ ಚೌಕಟ್ಟನ್ನು ಕಿವಿಗೆ ಹಿಡಿದು ಉಗುರಿನಿಂದ ಸುತ್ತಲೂ ತಟ್ಟಿದಳು. ಬಿರುಕು ಬಿಟ್ಟಿದ್ದರೆ ಮಾಲು ವಾಪಸಿಲ್ಲ, ಇನ್ನೊಂದಕ್ಕೆ ದುಡ್ಡೂ ಇಲ್ಲ. ಅರ್ಧ ಸುತ್ತು. ಮುಕ್ಕಾಲು. ಕಡ್ಡಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಕೆಲಸದ ಹೊತ್ತಿನಲ್ಲಿ ಏನನ್ನೂ ಬಿಟ್ಟುಕೊಡುವಂಥದ್ದಲ್ಲ.

"ಗಟ್ಟಿ ಇದೆ."

ಆಮೇಲೆ ಅಮ್ಮ ಗುಂಡನ್ನು ಒಳಗೆ ಜರುಗಿಸುತ್ತ, ತೂಗುತ್ತ, ಮುಳ್ಳು ಒಂಬತ್ತೂವರೆಗೆ ನಿಲ್ಲುವ ಜಾಗ ಹುಡುಕಿ ಸೀಮೆಸುಣ್ಣದಿಂದ ಗೆರೆ ಎಳೆದಳು. ಮಾಲೀಕರು ನೇಯ್ದರು, ಅಮ್ಮ ಸಲಾಕೆ ಇಳಿಸಿದಳು, ಕಡ್ಡಿ ಗಡಿಯಾರ ನೋಡಿದಳು. ಅಡ್ಡ ಎಳೆಗಳು ಅರ್ಧವಾದಾಗ ನಾಲ್ಕೂವರೆ. ಒಂದು ಎಳೆ ತಪ್ಪಿ ಬಿಚ್ಚಬೇಕಾಯಿತು. ಕೊನೆಯ ಗಂಟು ಬಿದ್ದಾಗ ನಾಲ್ಕೂ ಐವತ್ತು ದಾಟಿತ್ತು. ಎಣಿಸಿಟ್ಟ ದುಡ್ಡಿನಿಂದ ಮಾಲೀಕರು ಗಟ್ಟಿನ ಕೂಲಿಯನ್ನು ತೆಗೆದು ಅಮ್ಮನ ಕಡೆ ತಳ್ಳಿದರು. ಅಮ್ಮ ವಾಪಸು ತಳ್ಳಿದಳು. "ಓಡು" ಎಂದರು ಇಬ್ಬರೂ.

ಹಾಲಿನ ಬಾಗಿಲ ಅಗುಳಿಯ ಮೇಲೆ ಕೋಚ್ ಆಗಲೇ ಕೈಯಿಟ್ಟಿದ್ದರು. ಕಡ್ಡಿ ಏದುಸಿರಿನಲ್ಲಿ ರ‍್ಯಾಕೆಟ್ ಚಾಚಿದಳು. ಹಿಂದೆ ಅಮ್ಮ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ಕೋಚ್ ಬೆರಳಿನಿಂದ ಬಲೆಯನ್ನು ಮೀಟಿದರು. ಹುಬ್ಬು ಗಂಟಾಯಿತು. "ಎಷ್ಟು?"

"ಇಪ್ಪತ್ತೊಂದು ಸರ್."

"ಇಪ್ಪತ್ತೊಂದಲ್ಲ ಇದು. ಹದಿನೆಂಟು. ಊರಲ್ಲಿರೋದು ಒಂದೇ ಅಂಗಡಿ, ನಂದೂ ಅಲ್ಲೀದೇ, ಇಪ್ಪತ್ತೊಂದು ಅಂದ್ರೆ ಹೆಂಗಿರುತ್ತೆ ಅಂತ ನನ್ ಕೈಗೆ ಗೊತ್ತು. ಹೊಸಬರು ಅಂತ ನಿಮಗೆ ಟೋಪಿ ಹಾಕಿದಾನೆ ಮುದುಕ." ಒಳಗಿದ್ದ ಹತ್ತು ಮಕ್ಕಳೂ ಇತ್ತ ತಿರುಗಿದ್ದರು.

ಅಮ್ಮ ಬಾಯಿ ತೆರೆದಳು. ಇನ್ನು ಒಂದು ಮಾತು, ಅಗುಳಿ ಬೀಳುತ್ತದೆ. ಕೋಚ್ ತಿದ್ದಿಸಿಕೊಳ್ಳುವ ಜಾತಿಯವರಲ್ಲ. ಮಗಳ ಬೆನ್ನು ನೋಡಿದಳು. ನಲವತ್ತು ವರ್ಷದ ಚಾಳಿಯನ್ನು ಗಂಟಲಲ್ಲೇ ಹಿಡಿದು, ತೆರೆದ ಬಾಯಿಯನ್ನು ಮುಚ್ಚಿದಳು.

"ಇದು ಇಪ್ಪತ್ತೊಂದೇ ಸರ್," ಎಂದಳು ಕಡ್ಡಿ. "ನಾವು ತೂಗಿದೀವಿ. ನಿಮ್ದೇ ಇಪ್ಪತ್ನಾಲ್ಕು."

ಗಡಿಯಾರದ ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂತು. ಕೋಚ್ ಅವಳನ್ನು ನೋಡಿದರು, ಗೋಡೆಗೆ ಒರಗಿಸಿದ್ದ ತಮ್ಮ ರ‍್ಯಾಕೆಟ್ಟನ್ನು ನೋಡಿದರು.

"ಒಳಗೆ ಬಾ."

ಬಾಗಿಲು ಮುಚ್ಚಿತು. ಹೊರಗೆ ಮೆಟ್ಟಿಲ ಮೇಲೆ ಅಮ್ಮ ಒಂದೂಕಾಲು ಗಂಟೆ ಕೂತಳು. ಏಟುಗಳ ಸದ್ದಿನಲ್ಲಿ ಮಗಳದು ಯಾವುದೆಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಹೋಗಿತ್ತು. ಅದೊಂದು ಮಾತ್ರ ಸ್ವಲ್ಪ ದಪ್ಪ ದನಿಯದು. ಆ ದನಿ ನಿಂತಾಗಲೆಲ್ಲ ಅವಳೂ ಉಸಿರು ಹಿಡಿದಳು.

ಅಗುಳಿ ತೆಗೆದು ಮೊದಲು ಹೊರಬಂದವರು ಕೋಚ್. ಕೈಯಲ್ಲಿ ಅವರದೇ ರ‍್ಯಾಕೆಟ್.

"ನಾಳೆ ಬೆಳಿಗ್ಗೆ ಆರಕ್ಕೆ ಮಗಳನ್ನ ತರಬೇತಿಗೆ ಕಳಿಸಿ. ಆರೂ ಒಂದಕ್ಕೆ ಬಾಗಿಲು ಹಾಕಿರುತ್ತೆ." ಹೇಳಿದ ಮೇಲೂ ಅವರು ಅಲ್ಲೇ ನಿಂತಿದ್ದರು. ಆಮೇಲೆ ದನಿ ತಗ್ಗಿಸಿ, "ಇದನ್ನ ಸ್ವಲ್ಪ ತೂಗಿ ಹೇಳ್ತೀರಾ?"

"ಹಾಕಿದ ಮೇಲೆ ತೂಗೋಕಾಗಲ್ಲ," ಎಂದಳು ಅಮ್ಮ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಪೂರ್ತಿ ಬಿಚ್ಚಬೇಕು."